ಅಪ್‌ಡೇಟ್: ಕಾಣೆಯಾಗಿದ್ದ 21 ಗುಂಟೆಯ ಲೆಕ್ಕ ಸಿಕ್ಕಿತು

ಹಿಂದಿನ ಪ್ರಶ್ನೆಗೆ ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು. ವಿರಾಜಪೇಟೆ ಬಳಿಯ ನಮ್ಮ ಗದ್ದೆ ಅಜ್ಜನ ಹಳೆಯ ಪತ್ರದಲ್ಲಿ 2.35 ಎಕರೆ, ಪಹಣಿಯಲ್ಲಿ 2-14 ಎಂದಿದೆ. 21 ಗುಂಟೆ ಎಲ್ಲಿ ಹೋಯಿತು ಎಂದು ಕೇಳಿದ್ದೆ.

ಎಲ್ಲಿಗೂ ಹೋಗಿಲ್ಲ. ಪತ್ರದ 35 ಎಂಬುದು ಸೆಂಟು, ಪಹಣಿಯ 14 ಎಂಬುದು ಗುಂಟೆ. ಎಕರೆಗೆ 100 ಸೆಂಟು, ಇಲ್ಲವೇ 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟು. 14ನ್ನು ಎರಡೂವರೆಯಿಂದ ಗುಣಿಸಿದರೆ ಸರಿಯಾಗಿ 35. ಚುಕ್ಕಿಯ ನಂತರದ ಅಂಕಿಯನ್ನು ನಾನು ಗುಂಟೆ ಎಂದು ಓದಿದ್ದೇ ತಪ್ಪು. ಈ ತಪ್ಪಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಲ್ಲುವುದರಲ್ಲಿತ್ತು, ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಮೆಟ್ರಿಕ್‌ನಲ್ಲಿ ಒಂದು ಎಕರೆ ಸುಮಾರು 4047 ಚದರ ಮೀಟರ್, ಹಾಗಾಗಿ ನಮ್ಮದು 0.951 ಹೆಕ್ಟೇರ್. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಭಾನುವಾರ ತೆಂಗಿನ ನಾರಿನ ಹಗ್ಗಕ್ಕೆ ಗಂಟು ಹಾಕಿ ಅಂಗಳದಲ್ಲಿ ಅಷ್ಟು ಅಳೆದೆವು. ಭತ್ತ ಒಣಗಿಸುವ ಜಾಗ ಒಂದು ಗುಂಟೆಗೆ ತುಸು ಕಡಿಮೆ!

ದೊಡ್ಡಪ್ಪ ಹೇಳುವ ‘ಬಟ್ಟಿ’ಯನ್ನು ಮಾತ್ರ ಪರಿವರ್ತಿಸಲು ಹೋಗಲಿಲ್ಲ. ಅದು ನೆಲದ ಅಳತೆಯಲ್ಲ, ಗದ್ದೆ ಕೊಡುವ ಭತ್ತದ ಅಳತೆ. ನೀರು ನಿಲ್ಲುವ ತಗ್ಗಿನ ಗದ್ದೆಗೂ ಮೇಲಿನ ಮಡಿಗೂ ವಿಸ್ತೀರ್ಣ ಒಂದೇ ಇದ್ದರೂ ಬಟ್ಟಿ ಬೇರೆ. ಪಾಲು ಪತ್ರದಲ್ಲಿ ಎಕರೆ, ಗುಂಟೆ, ಸೆಂಟುಗಳ ಹೆಸರನ್ನು ಅಕ್ಷರದಲ್ಲೇ ಬರೆಸುತ್ತಿದ್ದೇವೆ.