ನರ್ಸಿಂಗ್ ಟ್ಯೂಟರ್ ಕೈ ತೊಳೆಯದಿದ್ದರೆ ವಿದ್ಯಾರ್ಥಿಗಳು ತೊಳೀತಾರಾ?

ಮೂರನೇ ವರ್ಷ ಬಿಎಸ್ಸಿ: ಕೈ ಯಾವಾಗ ಶುಚಿ ಮಾಡಬೇಕು ಅಂತ ಐದು ಸಂದರ್ಭಗಳನ್ನು ನಮ್ಮ ಮೇಡಂ ಕ್ಲಾಸಲ್ಲಿ ಬಾಯಿಪಾಠ ಮಾಡಿಸಿದ್ದರು. ಪೋಸ್ಟಿಂಗ್‌ನಲ್ಲಿ ಅವರೇ ವಾರ್ಡಲ್ಲಿ ಒಬ್ಬ ಪೇಷಂಟ್ ಡ್ರೆಸ್ಸಿಂಗ್ ಮುಟ್ಟಿ, ರಬ್ (ಕೈಗೆ ಉಜ್ಜುವ ಸ್ಯಾನಿಟೈಸರ್) ಹಾಕಿಕೊಳ್ಳದೆ ಪಕ್ಕದ ಬೆಡ್ಡಿನ ಡ್ರಿಪ್ ಸರಿ ಮಾಡಿದರು. ಕೈ ತುಂಬ ಬಳೆ ಬೇರೆ. ಮರುದಿನ ನಮ್ಮಲ್ಲೂ ಯಾರೂ ರಬ್ ಮುಟ್ಟಲಿಲ್ಲ.

ಹಾಸನದ ಟ್ಯೂಟರ್: ಯಾರೂ ಮುಟ್ಟಲಿಲ್ಲ ಅಂದ್ರೆ ನಿಮಗೆ ಸ್ವಂತ ಬುದ್ಧಿ ಇಲ್ವಾ? ಹತ್ತು ವಿದ್ಯಾರ್ಥಿಗೆ ಒಬ್ಬ ಟೀಚರ್ ಅಂತ ನರ್ಸಿಂಗ್ ಕೌನ್ಸಿಲ್ ನಿಯಮ. ನಾನೊಬ್ಬಳೇ ಎರಡು ವಾರ್ಡ್ ನೋಡ್ತೀನಿ.

ಐಸಿಯು ಸ್ಟಾಫ್: ಬುದ್ಧಿ ಪ್ರಶ್ನೆ ಅಲ್ಲ ಮೇಡಂ. ದೊಡ್ಡವರು ಗೊಂಬೆಗೆ ಹೊಡೆದದ್ದನ್ನು ನೋಡಿದ ಮಕ್ಕಳು ತಾವೂ ಹೊಡೆದರು. ಮನಶ್ಶಾಸ್ತ್ರಜ್ಞ ಬಂಡೂರ 1961ರಲ್ಲಿ ಮಾಡಿದ ಈ ಪ್ರಯೋಗ ನೀವೇ ಸೈಕಾಲಜಿಯಲ್ಲಿ ಪಾಠ ಮಾಡ್ತೀರಲ್ಲ?

ಹಾಸನದ ಟ್ಯೂಟರ್: ಅವು ನರ್ಸರಿ ಮಕ್ಕಳು. ಇವರು ವೋಟ್ ಹಾಕುವವರು.

ಬೆಳಗಾವಿ ಅಕ್ಕ: ಬಳೆ ಯಾಕೆ ಮಧ್ಯೆ ತಂದಿರಿ? ಮುತ್ತೈದೆ ಬರಿಗೈಲಿ ವಾರ್ಡಿಗೆ ಬರಬೇಕಾ?

ಮ್ಯಾಂಚೆಸ್ಟರ್ ಕನ್ನಡತಿ: ಬರಲೇಬೇಕು. ಇಂಗ್ಲೆಂಡಿನಲ್ಲಿ 2007ರಿಂದಲೇ ಮೊಣಕೈ ಕೆಳಗೆ ಬಳೆ, ವಾಚ್ ಏನೂ ಇರಬಾರದು ಅಂತ ಸರ್ಕಾರದ ಸೂಚನೆ ಇದೆ. ನಮ್ಮ ಸೀನಿಯರ್‌ಗಳೇ ಮೊದಲು ತೆಗೀತಾರೆ.

ಬೆಳಗಾವಿ ಅಕ್ಕ: ಏನೂ ಇರಬಾರದಾ? ಅಲ್ಲಿ ಸಿಖ್ಖರ ಕಡಗಕ್ಕೆ ಅವಕಾಶ ಕೊಟ್ಟಿದ್ದಾರೆ. ಗೊತ್ತಿಲ್ಲದೆ ಮಾತಾಡಬೇಡಿ.

ಮ್ಯಾಂಚೆಸ್ಟರ್ ಕನ್ನಡತಿ: ಆ ಕಡಗವನ್ನು ಮೇಲಕ್ಕೆ ಸರಿಸಿ, ಕೆಳಗೆ ಜಾರದ ಹಾಗೆ ಭದ್ರ ಮಾಡಬೇಕು ಅಂತಲೂ ಬರೆದಿದೆ. ಅರ್ಧ ಓದಿ ಅರ್ಧ ಬಿಟ್ಟರೆ ಹೇಗೆ?

ಬೆಳಗಾವಿ ಅಕ್ಕ: ಹಾಗಾದ್ರೆ ಸರಿಸಿದರೆ ಸಾಕು, ತೆಗೆಯೋದು ಬೇಡ ಅಂತಾಯ್ತು! ನೀವೇ ಒಪ್ಪಿದಿರಿ.

ಐಸಿಯು ಸ್ಟಾಫ್: ಗಾಜಿನ ಬಳೆ ಡಜನ್‌ಗಟ್ಟಲೆ ಇದ್ದರೆ ಎಲ್ಲಿಗೆ ಸರಿಸ್ತೀರಿ? ಡ್ರೆಸ್ಸಿಂಗ್ ಮಾಡುವಾಗ ಬಳೆ ಸಂದಿಗೆ ಡ್ರೆಸ್ಸಿಂಗ್ ಬಟ್ಟೆಯ ಎಳೆ ಸಿಕ್ಕಿ, ಪೇಷಂಟ್ ಅಯ್ಯೋ ಅಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಸಂಪ್ರದಾಯನಾ?

ಬೆಳಗಾವಿ ಅಕ್ಕ: ಸಂಪ್ರದಾಯಕ್ಕೆ ಕೈ ಹಚ್ಚಬೇಡಿ, ಹೇಳಿಬಿಟ್ಟೆ!

ನಿವೃತ್ತ ಸಿಸ್ಟರ್: ಸ್ವಲ್ಪ ತಡೀರಮ್ಮ. ನನಗೆ ಕಲಿಸಿದ ಮೇಡಂ ವಾರ್ಡ್ ಬಾಗಿಲಲ್ಲೇ ಬಳೆ ತೆಗೆದು ಕರ್ಚೀಫಿಗೆ ಕಟ್ಟುತ್ತಿದ್ದರು. ಬೆಡ್‌ಪ್ಯಾನ್ ಇಡುವ ಮುಂಚೆ ಸ್ಕ್ರೀನ್ ಎಳೆದು, "ಅಜ್ಜಿ, ಸ್ವಲ್ಪ ಸೊಂಟ ಎತ್ತಲಾ?" ಅಂತ ಕೇಳುತ್ತಿದ್ದರು. ಸರ್ವಿಸ್ ಪೂರ್ತಿ ಕೇಳದೆ ಯಾರನ್ನೂ ಮುಟ್ಟಿಲ್ಲ ನಾನು. ಯಾವ ನೋಟ್ಸ್‌ನಲ್ಲೂ ಅದು ಇರಲಿಲ್ಲ.

ಹಾಸನದ ಟ್ಯೂಟರ್: ಆ ಕಾಲದಲ್ಲಿ ಅಷ್ಟು ಪುರುಸೊತ್ತು ಇತ್ತು ಸಿಸ್ಟರ್. ನಮಗೆ ಕೇರ್ ಪ್ಲಾನ್ ತಿದ್ದೋದು, ಇಂಟರ್ನಲ್ಸ್, ಇನ್‌ಸ್ಪೆಕ್ಷನ್ ಫೈಲ್ ಎಲ್ಲಾ ಇದೆ.

ಮೂರನೇ ವರ್ಷ ಬಿಎಸ್ಸಿ: ಕೈಗೆ ರಬ್ ಉಜ್ಜೋಕೆ 20–30 ಸೆಕೆಂಡ್ ಅಂತ ನೀವೇ ಪರೀಕ್ಷೆಲಿ ಕೇಳ್ತೀರಿ ಮೇಡಂ. ಬಾಟಲಿ ಬೆಡ್ಡಿಗೇ ನೇತಾಡ್ತಿತ್ತು. ಅದನ್ನು ಬಿಟ್ಟು ಎಲ್ಲರೂ ಬಳೆ ಹಿಡ್ಕೊಂಡ್ರಿ.

ಹಾಸನದ ಟ್ಯೂಟರ್: ಬಾಟಲಿ ನೇತಾಡಿದರೆ ಸಾಕಾ? ಒಳಗೆ ರಬ್ ಇತ್ತಾ ಅಂತ ನೋಡಿದ್ದೀಯಾ? ನಮ್ಮಲ್ಲಿ ಬೇಕು ಅಂತ ಇಂಡೆಂಟ್ ಬರೆದು ಹಾಕಿ ತಿಂಗಳಾದರೂ ಸ್ಟೋರ್‌ನಿಂದ ಬರಲ್ಲ. ಹೋಗಿ ಮ್ಯಾನೇಜ್‌ಮೆಂಟನ್ನು ಕೇಳು.