ಅಪ್‌ಡೇಟ್: ಸಣ್ಣ ಕಾರಿನಲ್ಲಿ ಸಂಡೂರು ಬೆಟ್ಟ ಹತ್ತಿ ಬಂದೆವು

ಮಳೆಗಾಲದಲ್ಲಿ ವಯಸ್ಸಾದ ಅತ್ತೆಯವರನ್ನು ಕೂರಿಸಿಕೊಂಡು ಬಳ್ಳಾರಿಯಿಂದ ಸಂಡೂರಿಗೆ ಸಣ್ಣ ಕಾರಿನಲ್ಲಿ ಹೋಗಬಹುದೇ ಎಂದು ಕೇಳಿದ್ದೆ. ಹೋಗಬಹುದು. ಭಾನುವಾರ ನಸುಕಿನಲ್ಲೇ ಹೊರಡಿ ಎಂದವರಿಗೆ ವಿಶೇಷ ಧನ್ಯವಾದ.

ತೋರಣಗಲ್ಲಿನವರೆಗೆ ಹೇಳುವಂಥದ್ದೇನಿಲ್ಲ, ಕಾರ್ಖಾನೆಯ ಹೊಗೆ ಮತ್ತು ಲಾರಿಗಳ ಸಾಲು. ಸಂಡೂರಿನ ಕಡೆಗೆ ತಿರುಗಿದ ಮೇಲೆ ನೋಟವೇ ಬೇರೆ. ತಾರಾನಗರದ ಬಳಿ ನಾರಿಹಳ್ಳದ ಜಲಾಶಯದ ಹತ್ತಿರ ನಿಂತೆವು. ಬೆಟ್ಟಗಳು ಕಡುಹಸಿರು, ಆದರೆ ರಸ್ತೆಯಂಚಿನ ಗಿಡಗಳ ಎಲೆಗಳು ಮಾತ್ರ ಕೆಂಪು. ಬೆರಳಿನಿಂದ ಒರೆಸಿದರೆ ಅದಿರಿನ ಧೂಳು ಕುಂಕುಮದಂತೆ ಅಂಟುತ್ತದೆ. ಮಳೆ ಬಿದ್ದಾಗ ಇದೇ ಧೂಳು ಜಾರುವ ಕೆಸರು. ಹೀಗಾಗಿ ತಿರುವುಗಳಲ್ಲಿ ಎರಡನೇ ಗೇರ್ ಬಿಡಬೇಡಿ, ಇಳಿಯುವಾಗಲೂ ಅಷ್ಟೇ.

ಕುಮಾರಸ್ವಾಮಿ ಬೆಟ್ಟದ ಕಾಡುದಾರಿ ನನಗೆ ಎಲ್ಲಕ್ಕಿಂತ ಹಿಡಿಸಿತು. ಮೋಡ ಬಾನೆಟ್ಟಿನ ಮೇಲೇ ಸರಿಯುತ್ತಿತ್ತು. ಮೇಲಿನ ಪಾರ್ವತಿ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು. ಕುಮಾರಸ್ವಾಮಿಯ ಗುಡಿಗೆ ಹೆಂಗಸರನ್ನು ಬಿಡುವ ರೂಢಿಯಿಲ್ಲ. ಅತ್ತೆ ಹೊರಗೇ ಕುಳಿತು, "ಇಷ್ಟು ದೂರ ಕರೆಸಿಕೊಂಡವನು ಬಾಗಿಲಿಗಾದರೂ ಬರಬಹುದಿತ್ತು" ಎಂದರು. 1932ರಲ್ಲೇ ದಲಿತರಿಗೆ ತೆರೆದ ದೇವಸ್ಥಾನವಿದು, ಹೀಗಾಗಿ ಅವರ ಮುನಿಸು ನನಗೂ ಸರಿಯೆನಿಸಿತು.

ಬ್ರಿಟಿಷರ ಕಾಲದ ಗಿರಿಧಾಮ ರಾಮನದುರ್ಗಕ್ಕೆ ಹೋಗಲಿಲ್ಲ, ಮಂಜು ದಟ್ಟವಾಗಿತ್ತು. ಪೆಟ್ರೋಲ್ ಬಳ್ಳಾರಿಯಲ್ಲೇ ತುಂಬಿಸಿ, ಬುತ್ತಿ ಕಟ್ಟಿಕೊಂಡು ಹೋಗಿ.