ಅಮ್ಮನ ಜೊತೆ ಯೇರ್ಕಾಡಿಗೆ ಎರಡು ದಿನ: ಹೋಗಬಹುದಾ?

ಜಯನಗರದವನು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68. ಅಪ್ಪ ಹೋದ ಮೇಲೆ ಮನೆ ಬಿಟ್ಟು ಎಲ್ಲೂ ಹೊರಟಿಲ್ಲ. ಮೊನ್ನೆ ಟೀವಿಯಲ್ಲಿ ಬೆಟ್ಟದ ಮೇಲಿನ ಯಾವುದೋ ಕೆರೆ ತೋರಿಸುತ್ತಿದ್ದರು, ಅದನ್ನು ನೋಡಿ "ಇಂಥ ಕಡೆ ಹೋಗಿ ಒಂದು ದಿನ ಸುಮ್ನೆ ಕೂತು ಬರಬೇಕು ಕಣೋ" ಎಂದರು. ಅವರು ಬಾಯಿಬಿಟ್ಟು ಏನಾದರೂ ಕೇಳಿದ್ದೇ ಅಪರೂಪ, ಅದಕ್ಕೇ ಬಿಡಲು ಮನಸ್ಸಿಲ್ಲ.

ಮೊದಲು ನೆನಪಾಗಿದ್ದು ಊಟಿ, ಕೊಡೈಕೆನಾಲ್. ಎರಡೇ ದಿನಕ್ಕೆ ಕೊಡೈ ದೂರ. ಎರಡಕ್ಕೂ 2024ರ ಮೇ ತಿಂಗಳಿಂದ ಇ-ಪಾಸ್ ಬೇರೆ ಮಾಡಿದ್ದಾರೆ. ಆಮೇಲೆ ಆಫೀಸಿನಲ್ಲಿ ಯಾರೋ ತಮಿಳುನಾಡಿನ ಸೇಲಂ ಹತ್ತಿರದ ಯೇರ್ಕಾಡು ಎಂದರು. ಇಲ್ಲಿಂದ ಸುಮಾರು 230 ಕಿ.ಮೀ., ಊರಿನ ಮಧ್ಯದಲ್ಲೇ ಕೆರೆ, 1,500 ಮೀಟರ್ ಎತ್ತರ, ತಂಪು. ಕೇಳಲು ಚೆನ್ನಾಗಿದೆ. ಆದರೆ ಘಾಟಿಯಲ್ಲಿ 20 ಹೇರ್‌ಪಿನ್ ತಿರುವುಗಳಂತೆ. ಅಮ್ಮನಿಗೆ ನಂದಿ ಬೆಟ್ಟಕ್ಕೇ ವಾಂತಿ ಆಗುತ್ತದೆ. ನಾನು ಕಾರು ಓಡಿಸಿರುವುದೆಲ್ಲ ಬೆಂಗಳೂರಿನೊಳಗೆ. ಹೋಗಬಹುದಾ? ಕೆರೆ ಅಷ್ಟು ದೂರ ಹೋಗಿ ನೋಡುವಂಥದ್ದಾ?

ಇನ್ನೊಂದು. ಅಮ್ಮ ತುಮಕೂರು ಕಡೆ ಒಂದು ಹಳ್ಳಿಯಲ್ಲಿ ಕೆರೆ ಪಕ್ಕದಲ್ಲೇ ಬೆಳೆದವರು. ಯೇರ್ಕಾಡು ಎಂದ ತಕ್ಷಣ "ಅಲ್ಲಿ ಏರಿ ಮೇಲೆ ಓಡಾಡಬಹುದಾ" ಎಂದು ಕೇಳಿದರು. ನನಗೆ ಗೊತ್ತಿಲ್ಲ.

ಅರ್ಧಕಾಫಿ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಇಷ್ಟವಾಗಲಿಲ್ಲ. ಕೆರೆ ಚಿಕ್ಕದು. ನಮ್ಮ ಸ್ಯಾಂಕಿ ಕೆರೆ ದಿನಾ ನೋಡುವವರಿಗೆ "ಇಷ್ಟೇನಾ" ಅನಿಸುತ್ತದೆ. ಪಗೋಡ ಪಾಯಿಂಟ್, ಲೇಡೀಸ್ ಸೀಟ್, ಅಣ್ಣಾ ಪಾರ್ಕು ಎಲ್ಲ ಸೇರಿಸಿದರೂ ಅರ್ಧ ದಿನಕ್ಕೆ ಮುಗಿಯಿತು. ನಾವು ಹೋಗಿದ್ದು ಶನಿವಾರ, ಅದೂ ಮೇ ತಿಂಗಳಲ್ಲಿ. ದೋಣಿಗೆ ಕ್ಯೂ, ಬಜ್ಜಿಗೆ ಕ್ಯೂ, ಪಾರ್ಕಿಂಗಿಗೆ ಕ್ಯೂ. ಅರ್ಧ ಜನ ನಮ್ಮ ಬೆಂಗಳೂರಿನವರೇ, ಹಿಂದೆ ಮುಂದೆ ಎಲ್ಲ ಕೆಎ ನಂಬರಿನ ಕಾರುಗಳು.

ರೂಮಿನ ಕಥೆ ಇನ್ನೂ ಚೆಂದ. "ಲೇಕ್ ವ್ಯೂ" ಎಂದು ಜಾಸ್ತಿ ದುಡ್ಡು ಕೊಟ್ಟು ಬುಕ್ ಮಾಡಿದ್ದೆ. ಕೆರೆ ಕಾಣಿಸುತ್ತಿದ್ದದ್ದು ಬಾತ್‌ರೂಮಿನ ಕಿಟಕಿಯಿಂದ ಮಾತ್ರ, ಅದೂ ಬಕೆಟ್ ಬೋರಲು ಹಾಕಿ ಹತ್ತಿ ನಿಂತರೆ. ಹೆಸರು ಹೇಳುವುದಿಲ್ಲ ಬಿಡಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಎಷ್ಟು ಮೆಟ್ಟಿಲು ಹತ್ತಬೇಕು ಎಂದು ಕೇಳಿ. ಬೆಟ್ಟದ ಊರು, ಎಲ್ಲಾ ಕಡೆ ಮೆಟ್ಟಿಲು, ಅಮ್ಮನ ಮಂಡಿಗೆ ಕಷ್ಟ ಆಗಬಹುದು.

ಹೊಸೂರು ರೋಡ್ ಹಳಬ

ದಿನಾ ಸಿಲ್ಕ್ ಬೋರ್ಡ್ ದಾಟುವವರಿಗೆ ಹೇರ್‌ಪಿನ್ ಏನು ಮಹಾ ಸರ್! ತಮಾಷೆಗೆ ಹೇಳಿದೆ. ಭಯಪಡಬೇಕಾದ್ದು ಆ 20 ತಿರುವುಗಳಿಗಲ್ಲ, ತೊಪ್ಪೂರು ಘಾಟಿಗೆ. ಅತ್ತಿಬೆಲೆ, ಹೊಸೂರು, ಕೃಷ್ಣಗಿರಿ, ಧರ್ಮಪುರಿವರೆಗೆ ಹೆದ್ದಾರಿ ಆರಾಮ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರಿನಲ್ಲಿ ಉದ್ದನೆಯ ಇಳಿಜಾರು ಬರುತ್ತದೆ. ಲೋಡ್ ಲಾರಿಗಳು ಅಲ್ಲಿ ಬ್ರೇಕ್ ಹಿಡಿಯದೆ ಮುಂದಿನ ಗಾಡಿಗಳಿಗೆ ಗುದ್ದಿದ ಸುದ್ದಿ ಎಷ್ಟೋ ಸಲ ಓದಿದ್ದೇವೆ. ಅಲ್ಲಿ ಲಾರಿಯ ಮುಂದೆ ಮಾತ್ರ ಇರಬೇಡಿ, ದಾರಿ ಕೊಟ್ಟು ಅದನ್ನು ಮುಂದೆ ಕಳಿಸಿಬಿಡಿ. ಬೆಳಗ್ಗೆ ಐದೂವರೆಗೆ ಹೊರಟರೆ ಎಲೆಕ್ಟ್ರಾನಿಕ್ ಸಿಟಿ ಗಲಾಟೆ ಇರುವುದಿಲ್ಲ, ಹಗಲು ಬೆಳಕಿನಲ್ಲೇ ತೊಪ್ಪೂರು ದಾಟುತ್ತೀರಿ.

ಸೇಲಂ ಕಡೆಯಿಂದ ಮೇಲೆ ಹತ್ತುವ ರಸ್ತೆ ಚೆನ್ನಾಗಿದೆ. ತಿರುವಿಗೆ ಬರುವ ಮುಂಚೆಯೇ ಎರಡನೇ ಗೇರಿಗೆ ಹಾಕಿ ಹಾರ್ನ್ ಮಾಡಿ, ತಿರುವಿನ ಮಧ್ಯದಲ್ಲಿ ಗೇರ್ ಹುಡುಕಬೇಡಿ. ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು ಎನ್ನುವುದು ನಿಯಮ, ಆದರೆ ಬಸ್ಸಿನ ಎದುರು ನಿಯಮ ಮಾತಾಡಬೇಡಿ, ನಿಂತುಬಿಡಿ. ಹೊಸಬರು ತಪ್ಪು ಮಾಡುವುದು ವಾಪಸ್ ಬರುವಾಗ. ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿಯುತ್ತಾರೆ, ಅರ್ಧ ದಾರಿಯಲ್ಲಿ ಸುಟ್ಟ ವಾಸನೆ, ಬ್ರೇಕ್ ಕಾದು ಹಿಡಿತ ಹೋಗಿರುತ್ತದೆ. ಹತ್ತಿದ ಗೇರಿನಲ್ಲೇ ಇಳಿಯಿರಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಆಟೋಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನ್ಯುವಲ್ ಮೋಡಿಗೆ ಹಾಕಿಕೊಳ್ಳಿ.

ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹಿಂದೆ ಕೂತರೆ ಕಣ್ಣಿಗೆ ಕಾಣುವುದು ಅಲ್ಲಾಡದ ಸೀಟು, ಕಿವಿಯೊಳಗಿನ ಸಮತೋಲನಕ್ಕೆ ಗೊತ್ತಾಗುವುದು ತಿರುಗಾಟ. ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಮುಂದೆ ಕೂತು ರಸ್ತೆ ನೋಡುತ್ತಿದ್ದರೆ ಎಷ್ಟೋ ಕಡಿಮೆ. ಕೃಷ್ಣಗಿರಿಯಲ್ಲಿ ಎರಡು ಇಡ್ಲಿ ಸಾಕು, ಮಸಾಲೆ ದೋಸೆ ಬೇಡ. ಮಾತ್ರೆ ಕೊಡುವುದಾದರೆ ಅವರ ಡಾಕ್ಟರನ್ನು ಕೇಳಿ ಕೊಡಿ, ಬಿಪಿ ಮಾತ್ರೆ ತಗೊಳ್ಳುತ್ತಿರಬಹುದು.

ಸೇಲಂ ಕನ್ನಡತಿ

ಅರ್ಧಕಾಫಿಯವರೇ, ಮೇ ತಿಂಗಳ ಶನಿವಾರ ಹೋಗಿ ಊರನ್ನು ಬೈದರೆ ಹೇಗೆ? ಅದು ಅಲ್ಲಿಯ ಬೇಸಿಗೆ ಹಬ್ಬ, ಫಲಪುಷ್ಪ ಪ್ರದರ್ಶನದ ಕಾಲ. ಲಾಲ್‌ಬಾಗಿಗೆ ಆಗಸ್ಟ್ 15ಕ್ಕೆ ಹೋಗಿ ಜನ ಜಾಸ್ತಿ ಎಂದ ಹಾಗಾಯಿತು.

ನಾನು ಹುಟ್ಟಿದ್ದು ಸೇಲಂನಲ್ಲಿ. ಅಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರ ಮನೆಗಳು ಬಹಳ ಇವೆ, ನಮ್ಮದೂ ಒಂದು. ಮದುವೆಯಾಗಿ ಬಂದದ್ದು ಮಲ್ಲೇಶ್ವರಕ್ಕೆ. ನಿಮ್ಮ ಅಮ್ಮ ಕೇಳಿದ ಪ್ರಶ್ನೆ ಓದಿ ನಗು ಬಂತು, ಖುಷಿಯೂ ಆಯಿತು. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಏರಿ, ಕಾಡು ಎರಡೂ ಸೇರಿ ಯೇರ್ಕಾಡು ಆಯಿತು ಎನ್ನುತ್ತಾರೆ. ನಮಗೆ ಏರಿ ಎಂದರೆ ನೀರು ತಡೆಯುವ ಕಟ್ಟೆ, ಅವರಿಗೆ ಒಳಗಿನ ನೀರು. ಚಿಕ್ಕವಳಿದ್ದಾಗ ಮನೆಯಲ್ಲಿ ಒಂದು ಅರ್ಥ, ಶಾಲೆಯಲ್ಲಿ ಇನ್ನೊಂದು ಅರ್ಥ ಎಂದು ನನಗೂ ಗೊಂದಲ ಆಗುತ್ತಿತ್ತು.

ಕೆರೆಗೆ ಹೋಗುವುದಾದರೆ ಬೆಳಗ್ಗೆ ಆರೂವರೆಗೆ ಹೋಗಿ. ದೋಣಿ ಶುರುವಾಗಿರುವುದಿಲ್ಲ, ನೀರಿನ ಮೇಲೆ ಮಂಜು ಇರುತ್ತದೆ. ಹತ್ತು ಗಂಟೆಗೆ ನೋಡಿದರೆ ಅದು ಬೇರೆಯೇ ಕೆರೆ. ಪಾಯಿಂಟ್‌ಗಳಿಗೆಲ್ಲ ಓಡಬೇಡಿ. ಕಿಲಿಯೂರು ಜಲಪಾತವಂತೂ ಅಮ್ಮನಿಗೆ ಬೇಡವೇ ಬೇಡ. ಇಳಿಯುವುದು ಹೇಗೋ ಆಗುತ್ತದೆ, ಹತ್ತುವಾಗ ಜೀವ ಬಾಯಿಗೆ ಬರುತ್ತದೆ. ಮಳೆ ಬಿದ್ದು ಕೆರೆ ತುಂಬಿದರೆ ಮಾತ್ರ ಅಲ್ಲಿ ನೀರು.

ಬದಲಿಗೆ ಶೇರ್ವರಾಯನ್ ಗುಡಿಗೆ ಕರೆದುಕೊಂಡು ಹೋಗಿ. 1,600 ಮೀಟರಿಗೂ ಎತ್ತರದ ಜಾಗ, ಆದರೆ ಮೇಲೆ ಮೈದಾನದ ಹಾಗೆ ಬಯಲು, ಗಾಳಿ ಸೀರೆ ಸೆರಗನ್ನು ನಿಲ್ಲಲು ಬಿಡುವುದಿಲ್ಲ. ಗುಡಿ ಇರುವುದು ಗುಹೆಯೊಳಗೆ, ತಲೆ ಬಗ್ಗಿಸಿ ಹೋಗಬೇಕು. ಶೇರ್ವರಾಯನ ಪಕ್ಕದಲ್ಲಿ ಇರುವವಳು ಕಾವೇರಿ. ನಮ್ಮ ಕಾವೇರಿಯೇ! ಎರಡು ರಾಜ್ಯ ನೀರಿಗೆ ಜಗಳ ಆಡುವಾಗಲೆಲ್ಲ ನನಗೆ ಆ ಕತ್ತಲೆ ಗುಹೆ ನೆನಪಾಗುತ್ತದೆ.

ಗಿಡ ಎಂದರೆ ಇಷ್ಟ ಇದ್ದರೆ ಭಾರತೀಯ ಸಸ್ಯ ಸರ್ವೇಕ್ಷಣೆಯ ಆರ್ಕಿಡ್ ತೋಟ ಇದೆ, ಹುಳ ಹಿಡಿಯುವ ಹೂಜಿ ಗಿಡವನ್ನೂ ಬೆಳೆಸಿದ್ದಾರೆ. ಎಲ್ಲಾ ಕಡೆ ಕಾಫಿ, ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್ ಅಲ್ಲಿ ಕಾಫಿ ಹಾಕಿಸಿದನಂತೆ. ಚಿಕ್ಕಮಗಳೂರಿನವರು ನಗಬಹುದು, ನಗಲಿ. ವಾಪಸ್ ಬರುವಾಗ ಸೇಲಂನಲ್ಲಿ ತಟ್ಟುವಡೆ ಸೆಟ್ ತಿನ್ನದೆ ಬರಬೇಡಿ. ಎರಡು ಚಿಕ್ಕ ಗರಿಗರಿ ವಡೆ, ಮಧ್ಯೆ ಚಟ್ನಿ, ತುರಿದ ಕ್ಯಾರೆಟ್, ಬೀಟ್‌ರೂಟ್.

ಜಯನಗರದವನು

ಎಲ್ಲರಿಗೂ ಥ್ಯಾಂಕ್ಸ್, ಹೋಗಿ ಬಂದೆವು. ಮಂಗಳವಾರ ಹೋಗಿ ಬುಧವಾರ ವಾಪಸ್. ತೊಪ್ಪೂರಿನಲ್ಲಿ ಮೂರು ಲಾರಿಗಳಿಗೆ ದಾರಿ ಬಿಟ್ಟೆ. ಘಾಟಿಯಲ್ಲಿ ಹನ್ನೊಂದನೇ ತಿರುವಿನ ಹತ್ತಿರ ಅಮ್ಮ ನಿಲ್ಲಿಸು ಎಂದರು. ಇಳಿದು ನಿಂಬೆಹಣ್ಣು ಮೂಸುತ್ತಾ ನಿಂತಿದ್ದರು, ಕೋತಿ ಬಂದು ಕಿತ್ತುಕೊಂಡಿತು, ತಾನೂ ಮೂಸಿ ನೋಡಿ ಬಿಸಾಡಿತು. ಅಮ್ಮ ನಕ್ಕ ರಭಸಕ್ಕೆ ವಾಂತಿ ಮರೆತೇ ಹೋಯಿತು.

ಶೇರ್ವರಾಯನ್ ಗುಡಿಯಲ್ಲಿ ಗುಹೆಯೊಳಗೆ ಬಗ್ಗಲು ಆಗಲಿಲ್ಲ, ಹೊರಗಿನಿಂದಲೇ ಕೈಮುಗಿದರು. ಮರುದಿನ ಬೆಳಗ್ಗೆ ಆರೂವರೆಗೆ ಕೆರೆ ಹತ್ತಿರ ಹೋದೆವು. ಒಂದು ಸುತ್ತು ಕಣ್ಣಾಡಿಸಿ "ನಮ್ಮೂರ ಕೆರೆ ಇದಕ್ಕಿಂತ ದೊಡ್ಡದು" ಎಂದರು, ಅರ್ಧಕಾಫಿಯವರು ಗೆದ್ದರು. ಆದರೆ ಅದೇ ಬೆಂಚಿನ ಮೇಲೆ ಎರಡು ಗಂಟೆ ಕೂತರು. ನಾನು ಮೂರು ಸಲ ಟೀ ಕುಡಿದೆ. ಆಮೇಲೆ ಬಜ್ಜಿ ಅಂಗಡಿ ತೆರೆಯುತ್ತಿದ್ದ ಹೆಂಗಸಿನ ಜೊತೆ ಮಾತು ಶುರು. ಇವರು ಕನ್ನಡ, ಆಕೆ ತಮಿಳು, ಇಬ್ಬರಿಗೂ ಎಲ್ಲ ಅರ್ಥ ಆಗುತ್ತಿತ್ತು. ಸೊಸೆಯಂದಿರ ವಿಷಯ ಇರಬೇಕು.

ಇಳಿಯುವಾಗ ಎರಡನೇ ಗೇರ್, ವಾಸನೆ ಬರಲಿಲ್ಲ. ತಟ್ಟುವಡೆ ನಾಲ್ಕು ಸೆಟ್ ತಿಂದೆವು, ಅದರಲ್ಲಿ ಮೂರು ಅಮ್ಮನದು. ಮುಂದಿನ ಸಲ ಕೊಲ್ಲಿ ಬೆಟ್ಟಕ್ಕೆ ಹೋಗೋಣ್ವಾ ಎಂದೆ, ತಕ್ಷಣ ಹೂಂ ಎಂದರು. ಅಲ್ಲಿ 70 ಹೇರ್‌ಪಿನ್ ಇವೆ ಎಂದು ಇನ್ನೂ ಹೇಳಿಲ್ಲ.